ಚರ್ಚಿನ ಬಾಗಿಲ ಮೇಲಿನ ಸ್ವರ್ಗ–ನರಕ: ‘ಅಂತಿಮ ತೀರ್ಪಿನ’ ಚಿತ್ರ ಓದುವುದು ಹೇಗೆ?

ಯುರೋಪ್ ಪ್ರವಾಸ ಮುಗಿಸಿ ಬಂದವರು ಫೋಟೊ ಕಳಿಸಿ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಹಳೇ ಚರ್ಚಿನ ಬಾಗಿಲ ಮೇಲೆ ನೂರಾರು ಸಣ್ಣ ಸಣ್ಣ ಬೊಂಬೆಗಳು, ನಡುವೆ ಯೇಸು, ಒಂದು ಮೂಲೆಯಲ್ಲಿ ಬಾಯಿ ತೆರೆದ ಮೃಗ, ಅದರೊಳಗೆ ಬೀಳ್ತಾ ಇರೋ ಜನ. ಇದೇನು? ಯಾರು ಯಾರು? ಗೈಡ್ ಎರಡೇ ನಿಮಿಷದಲ್ಲಿ ‘ಸ್ವರ್ಗ, ನರಕ’ ಅಂತ ಹೇಳಿ ಮುಂದೆ ಹೋಗಿರುತ್ತಾನೆ.

ಇದಕ್ಕೆ ‘ಅಂತಿಮ ತೀರ್ಪು’ ಅಂತ ಹೆಸರು. ಲೋಕದ ಕೊನೆಯ ದಿನ ಕ್ರಿಸ್ತ ಮತ್ತೆ ಬರುತ್ತಾನೆ, ಸತ್ತವರೆಲ್ಲ ದೇಹದ ಸಮೇತ ಏಳುತ್ತಾರೆ, ಎಲ್ಲರಿಗೂ ತೀರ್ಪಾಗುತ್ತದೆ ಅನ್ನುವ ನಂಬಿಕೆಯ ಚಿತ್ರ ಇದು. ಸುಮಾರು 1100ರಿಂದ 1500ರವರೆಗೆ ಪಶ್ಚಿಮ ಯುರೋಪಿನಲ್ಲಿ ಇದನ್ನು ಕಲ್ಲಿನಲ್ಲಿ, ಬಣ್ಣದಲ್ಲಿ, ಗಾಜಿನಲ್ಲಿ ಮತ್ತೆ ಮತ್ತೆ ಮಾಡಿದ್ದಾರೆ. ಆ ಕಾಲದ ಸ್ವರ್ಗ–ನರಕದ ಕಲ್ಪನೆ ತಿಳಿಯೋಕೆ ದಪ್ಪ ಪುಸ್ತಕಕ್ಕಿಂತ ಇಂಥ ಒಂದು ಚಿತ್ರವನ್ನು ನಿಧಾನವಾಗಿ ನೋಡುವುದೇ ವಾಸಿ ಅಂತ ನನಗನ್ನಿಸುತ್ತದೆ. ಆದರೆ ನೋಡುವುದಕ್ಕೆ ಒಂದು ಕ್ರಮ ಇದೆ.

ಮೊದಲು ಏನೇನು ಬೇಕು

ಒಂದು ಸಣ್ಣ ದುರ್ಬೀನು. ಚಿತ್ರಗಳು ತಲೆಯಿಂದ ಎಷ್ಟೋ ಎತ್ತರದಲ್ಲಿರುತ್ತವೆ, ಮೊಬೈಲಿನ ಝೂಮ್ ಸಾಲದು. ಅರ್ಧ ಗಂಟೆ ಸಮಯ. ಹಳೇ ಚರ್ಚುಗಳ ಮುಖ್ಯ ಬಾಗಿಲು ಸಾಮಾನ್ಯವಾಗಿ ಪಶ್ಚಿಮಕ್ಕೆ ಇರುವುದರಿಂದ ಮಧ್ಯಾಹ್ನದ ನಂತರ ಹೋಗಿ. ಬೆಳಿಗ್ಗೆ ಹೋದರೆ ಕೆತ್ತನೆಯೆಲ್ಲ ನೆರಳಿನಲ್ಲಿ ಮುಳುಗಿರುತ್ತದೆ.

ಜೊತೆಗೆ ಒಂದೇ ಒಂದು ಓದು: ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಕೊನೆಯ ಭಾಗ. ಕುರುಬ ಕುರಿಗಳನ್ನೂ ಆಡುಗಳನ್ನೂ ಬೇರೆ ಮಾಡುವ ಹಾಗೆ ಕ್ರಿಸ್ತ ಜನರನ್ನು ಬಲಕ್ಕೂ ಎಡಕ್ಕೂ ನಿಲ್ಲಿಸುತ್ತಾನೆ. ಹಸಿದವನಿಗೆ ಊಟ ಕೊಟ್ಟೆಯಾ, ಬಾಯಾರಿದವನಿಗೆ ನೀರು ಕೊಟ್ಟೆಯಾ, ಪರದೇಶಿಯನ್ನು ಸೇರಿಸಿಕೊಂಡೆಯಾ, ಬಟ್ಟೆಯಿಲ್ಲದವನಿಗೆ ಬಟ್ಟೆ ಕೊಟ್ಟೆಯಾ, ರೋಗಿಯನ್ನೂ ಸೆರೆಯಲ್ಲಿದ್ದವನನ್ನೂ ನೋಡಲು ಹೋದೆಯಾ? ತೀರ್ಪು ಇದರ ಮೇಲೆ. ಎರಡು ನಿಮಿಷದ ಓದು. ಇಡೀ ಚಿತ್ರ ಇದರ ಮೇಲೆ ನಿಂತಿದೆ.

ಹಂತ 1: ಕ್ರಿಸ್ತನ ಕೈ ನೋಡಿ, ದೆವ್ವಗಳನ್ನು ಆಮೇಲೆ ನೋಡಿ

ಕಣ್ಣು ಸೀದಾ ನರಕಕ್ಕೇ ಹೋಗುತ್ತದೆ. ತಡೆಯಿರಿ. ನಡುವೆ ಕೂತಿರುವ ಕ್ರಿಸ್ತನಿಂದ ಶುರು ಮಾಡಿ. ಅವನ ಸುತ್ತ ಬಾದಾಮಿ ಆಕಾರದ ಒಂದು ಪ್ರಭೆ ಇರುತ್ತದೆ, ಅದು ದೈವತ್ವದ ಗುರುತು. ಅಂಗೈಯಲ್ಲಿ ಮೊಳೆಯ ಗಾಯ ಇದೆಯಾ ನೋಡಿ. ಹತ್ತಿರದಲ್ಲಿ ದೇವದೂತರು ಶಿಲುಬೆ, ಮುಳ್ಳಿನ ಕಿರೀಟ, ಈಟಿ, ಮೊಳೆ ಹಿಡಿದಿರಬಹುದು. ‘ನಿಮಗಾಗಿ ಇಷ್ಟು ಅನುಭವಿಸಿದೆ, ನೀವೇನು ಮಾಡಿದಿರಿ?’ ಅಂತ ಕೇಳುವ ಸಾಕ್ಷ್ಯಗಳು ಅವು.

ಇಲ್ಲಿ ಅತಿ ಹೆಚ್ಚು ಜನ ಎಡವುತ್ತಾರೆ. ಒಳ್ಳೆಯವರು ಕ್ರಿಸ್ತನ ಬಲಕ್ಕೆ. ಅಂದರೆ ನೋಡುವ ನಿಮ್ಮ ಎಡಕ್ಕೆ. ನರಕ ಯಾವಾಗಲೂ ನಿಮ್ಮ ಬಲಗಡೆಗೆ ಬರುತ್ತದೆ. ಇದನ್ನು ಉಲ್ಟಾ ಹಿಡಿದರೆ ಮುಂದಿನದೆಲ್ಲ ಉಲ್ಟಾ.

ಕ್ರಿಸ್ತನ ಎರಡೂ ಕಡೆ ಮೊಣಕಾಲೂರಿ ಬೇಡುತ್ತಿರುವ ಇಬ್ಬರು ಕಂಡರೆ, ಒಬ್ಬಳು ತಾಯಿ ಮರಿಯಾ, ಇನ್ನೊಬ್ಬ ಯೋಹಾನ. ಅವರು ಜನರ ಪರವಾಗಿ ವಾದಿಸಲು ಬಂದವರು.

ಹಂತ 2: ಕೆಳಗಿನ ಪಟ್ಟಿಯಿಂದ ಮೇಲಕ್ಕೆ ಓದಿ

ಕಥೆ ಶುರುವಾಗುವುದು ಕೆಳಗೆ. ದೇವದೂತರು ತುತ್ತೂರಿ ಊದುತ್ತಿದ್ದಾರೆ, ಸಮಾಧಿಯ ಮುಚ್ಚಳ ಸರಿಸಿಕೊಂಡು ಜನ ಎದ್ದು ಬರುತ್ತಿದ್ದಾರೆ. ಹೆಚ್ಚಿನವರು ಬೆತ್ತಲೆ. ಬಹುತೇಕ ಎಲ್ಲರೂ ಒಂದೇ ವಯಸ್ಸಿನವರ ಹಾಗೆ ಕಾಣುತ್ತಾರೆ, ಅಲ್ವಾ? ಅದು ಶಿಲ್ಪಿಯ ಸೋಮಾರಿತನ ಅಲ್ಲ. ಸತ್ತಾಗ ಮುದುಕನಾಗಿರಲಿ, ಮಗುವಾಗಿರಲಿ, ಎಲ್ಲರೂ ಕ್ರಿಸ್ತನ ಪ್ರಾಯದಲ್ಲಿ, ಅಂದರೆ ಮೂವತ್ತರ ಆಸುಪಾಸಿನಲ್ಲಿ ಏಳುತ್ತಾರೆ ಅಂತ ಸಂತ ಅಗಸ್ಟೀನ್ ಬರೆದಿದ್ದ. ಮಧ್ಯಯುಗ ಅದನ್ನು ಒಪ್ಪಿಕೊಂಡಿತ್ತು.

ಫ್ರಾನ್ಸಿನ ಬರ್ಗಂಡಿ ಸೀಮೆಯ ಓತನ್ ಊರಿನ ಸೇಂಟ್ ಲಾಜರ್ ಚರ್ಚನ್ನು ಉದಾಹರಣೆಗೆ ತೆಗೆದುಕೊಳ್ಳಿ. 1130ರ ಸುಮಾರಿನ ಕೆತ್ತನೆ. ಬಾಗಿಲ ಮೇಲಿನ ಉದ್ದದ ತೊಲೆಗಲ್ಲಿನ ಮೇಲೆ ಏಳುತ್ತಿರುವವರ ಸಾಲು ಇದೆ. ಎಡಗಡೆ ಇಬ್ಬರ ಹೆಗಲಲ್ಲಿ ಮಾತ್ರ ಜೋಳಿಗೆ. ಒಂದರ ಮೇಲೆ ಚಿಪ್ಪು, ಇನ್ನೊಂದರ ಮೇಲೆ ಶಿಲುಬೆ. ಚಿಪ್ಪು ಅಂದರೆ ಸ್ಪೇನಿನ ಸಾಂತಿಯಾಗೊಗೆ ಯಾತ್ರೆ ಹೋದವನು, ಶಿಲುಬೆ ಅಂದರೆ ಜೆರುಸಲೇಮಿಗೆ ಹೋದವನು. ಮೈಮೇಲೆ ಬಟ್ಟೆ ಇಲ್ಲದಿದ್ದರೂ ಯಾತ್ರೆಯ ಜೋಳಿಗೆ ಬಿಟ್ಟಿಲ್ಲ! ಅದೇ ಸಾಲಿನ ಬಲಗಡೆ ಒಬ್ಬನಿದ್ದಾನೆ. ಮೇಲಿಂದ ಎರಡು ದೊಡ್ಡ ಕೈಗಳು ಬಂದು ಅವನ ತಲೆಯನ್ನು ಕತ್ತಿನ ಹತ್ತಿರ ಹಿಡಿದುಕೊಂಡಿವೆ. ಕೈಗಳು ಯಾರದ್ದು ಅಂತ ಕಾಣುವುದಿಲ್ಲ, ಕೈ ಅಷ್ಟೇ. ಅಲ್ಲೇ ಇರುವ ಲ್ಯಾಟಿನ್ ಸಾಲಿನ ಅರ್ಥ: ಲೋಕದ ತಪ್ಪಿಗೆ ಕಟ್ಟುಬಿದ್ದವರನ್ನು ಈ ಭಯ ಹೆದರಿಸಲಿ.

ಸಮುದ್ರದಲ್ಲಿ ಸತ್ತವರು, ಕಾಡುಮೃಗದ ಬಾಯಿಗೆ ಬಿದ್ದವರು ಹೇಗೆ ಏಳುತ್ತಾರೆ? ಈ ಪ್ರಶ್ನೆ ಆಗಿನವರಿಗೂ ಬಂದಿತ್ತು. ವೆನಿಸಿನ ಹತ್ತಿರದ ತೊರ್ಚೆಲ್ಲೊ ದ್ವೀಪದ ಚರ್ಚಿನಲ್ಲಿ ಒಳಗಿನ ಪಶ್ಚಿಮ ಗೋಡೆ ತುಂಬ ಮೊಸಾಯಿಕ್ ಇದೆ. ಅಲ್ಲಿ ತುತ್ತೂರಿ ಊದಿದ ಕೂಡಲೇ ಮೀನುಗಳೂ ಮೃಗಗಳೂ ತಾವು ನುಂಗಿದ್ದ ಮನುಷ್ಯರನ್ನು ಬಾಯಿಂದ ಹೊರಗೆ ಹಾಕುತ್ತಿವೆ.

ಹಂತ 3: ತಕ್ಕಡಿ ಹುಡುಕಿ

ಎಲ್ಲ ಚಿತ್ರದಲ್ಲೂ ಇರುವುದಿಲ್ಲ, ಇದ್ದರೆ ಕ್ರಿಸ್ತನ ಹತ್ತಿರವೋ ಕೆಳಗೋ ಇರುತ್ತದೆ. ರೆಕ್ಕೆಯ ಮಿಕಾಯೇಲ, ಅಂದರೆ ದೇವದೂತರ ನಾಯಕ, ಆತ್ಮಗಳನ್ನು ತೂಗುತ್ತಾನೆ. ಆತ್ಮವನ್ನು ಪುಟ್ಟ ಬೆತ್ತಲೆ ಮನುಷ್ಯನಾಗಿ ತೋರಿಸುತ್ತಾರೆ. ತಟ್ಟೆಯ ಆಚೆ ಕಡೆ ಒಂದು ದೆವ್ವ ಇರುತ್ತದೆ, ಸಾಮಾನ್ಯವಾಗಿ ಮೋಸ ಮಾಡುತ್ತಾ. ಓತನ್ನಿನಲ್ಲಿ ದೆವ್ವ ತಕ್ಕಡಿಯ ದಂಡಕ್ಕೇ ಜೋತುಬಿದ್ದು ತನ್ನ ಕಡೆ ಎಳೆಯುತ್ತಿದೆ.

ಎಚ್ಚರಿಕೆ: ಯಾವ ತಟ್ಟೆ ಕೆಳಗಿದೆ ಅನ್ನುವುದನ್ನು ಮಾತ್ರ ನೋಡಿ ತೀರ್ಮಾನಿಸಬೇಡಿ. ಸಾಮಾನ್ಯ ರೂಢಿಯಲ್ಲಿ ಪುಣ್ಯದ ತಟ್ಟೆ ಭಾರವಾಗಿ ಇಳಿಯುತ್ತದೆ. ಆದರೆ ಅದೇ ಬರ್ಗಂಡಿಯ ಬೋನ್ ಊರಿನ ಆಸ್ಪತ್ರೆಗಾಗಿ ರೋಜಿಯರ್ ವಾನ್ ಡರ್ ವೈಡನ್ ಬರೆದ ಚಿತ್ರದಲ್ಲಿ ಪಾಪದ ತಟ್ಟೆಯೇ ಕೆಳಗೆ. ತಟ್ಟೆಗಳ ಪಕ್ಕದಲ್ಲಿ ಯಾವುದು ಪುಣ್ಯ, ಯಾವುದು ಪಾಪ ಅಂತ ಲ್ಯಾಟಿನ್‌ನಲ್ಲಿ ಬರೆದೂ ಇದೆ. ತಟ್ಟೆಯೊಳಗಿನ ಬೊಂಬೆಯ ಮುಖ ನೋಡಿದರೆ ಗೊತ್ತಾಗುತ್ತದೆ.

ಹಂತ 4: ಸ್ವರ್ಗಕ್ಕೆ ಸ್ವಲ್ಪ ತಾಳ್ಮೆ ಕೊಡಿ

ಸತ್ಯ ಹೇಳಬೇಕೆಂದರೆ, ಇವುಗಳಲ್ಲಿ ಸ್ವರ್ಗ ಸಪ್ಪೆ. ಸಾಲಾಗಿ ನಿಂತ ಜನ, ಒಂದೇ ಥರದ ಮುಖ, ಕಮಾನಿನ ಕೆಳಗೆ ಶಾಂತವಾಗಿ ಕೂತವರು. ಆಗಿನ ನಂಬಿಕೆಯ ಪ್ರಕಾರ ಸ್ವರ್ಗದ ಸುಖ ಅಂದರೆ ದೇವರನ್ನು ಮುಖಾಮುಖಿ ನೋಡುವುದು. ಅದನ್ನು ಕೆತ್ತುವುದು ಹೇಗೆ? ಹಾಗಾಗಿ ಶಿಸ್ತು, ಸಾಲು, ಸಮಾಧಾನವನ್ನೇ ಸ್ವರ್ಗ ಮಾಡಿದರು. ಗಲಾಟೆಯೆಲ್ಲ ನರಕಕ್ಕೆ.

ಗುರುತು ಹಿಡಿಯಬೇಕಾದವು ಮೂರು. ಕೋಟೆಯ ಊರಿನಂಥ ಕಟ್ಟಡ ಇದ್ದರೆ ಅದು ಸ್ವರ್ಗದ ಜೆರುಸಲೇಮ್, ಬೈಬಲಿನ ಕೊನೆಯ ಪುಸ್ತಕದಲ್ಲಿ ಬರುವ 12 ಬಾಗಿಲಿನ ನಗರ. ಬಾಗಿಲಲ್ಲಿ ಬೀಗದ ಕೈ ಹಿಡಿದವನು ಸಂತ ಪೇತ್ರ. ಇನ್ನು, ಒಬ್ಬ ಗಡ್ಡದ ಮುದುಕ ಮಡಿಲಲ್ಲಿ ಬಟ್ಟೆ ಹರಡಿ ಅದರಲ್ಲಿ ಪುಟ್ಟ ಪುಟ್ಟ ತಲೆಗಳನ್ನು ಇಟ್ಟುಕೊಂಡಿದ್ದರೆ ಗಾಬರಿಯಾಗಬೇಡಿ, ಅವನು ಅಬ್ರಹಾಮ. ಲೂಕನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ಬಡ ಲಾಜರ ಸತ್ತ ಮೇಲೆ ಅಬ್ರಹಾಮನ ಎದೆಗೊರಗಿ ಇರುತ್ತಾನೆ, ಅವನಿಗೆ ಅನ್ನ ಕೊಡದ ಶ್ರೀಮಂತ ಬೆಂಕಿಯಲ್ಲಿರುತ್ತಾನೆ. ಆ ಕಥೆ ಇದು.

ಇಟಲಿಯ ಪಾದುವಾ ಊರಿನ ಪ್ರಾರ್ಥನಾಲಯದಲ್ಲಿ ಚಿತ್ರಕಾರ ಜೊತ್ತೊ ಬರೆದ ಚಿತ್ರದಲ್ಲಿ ಮಾತ್ರ ಸ್ವರ್ಗದ ಒಂದು ತುಣುಕು ನನಗೆ ನರಕಕ್ಕಿಂತ ಇಷ್ಟ. ಗೋಡೆಯ ತೀರಾ ಮೇಲೆ ಇಬ್ಬರು ದೇವದೂತರು ನೀಲಿ ಆಕಾಶವನ್ನೇ ಚಾಪೆ ಸುತ್ತಿದ ಹಾಗೆ ಸುತ್ತುತ್ತಿದ್ದಾರೆ. ಹಿಂದೆ ಬಂಗಾರದ ಬಾಗಿಲು ಇಣುಕುತ್ತದೆ. ಅಲ್ಲಿವರೆಗೂ ಕತ್ತೆತ್ತಿ ನೋಡುವವರು ಕಡಿಮೆ.

ಹಂತ 5: ಈಗ ನರಕ. ಯಾವ ಪಾಪಕ್ಕೆ ಯಾವ ಶಿಕ್ಷೆ ಅಂತ ಜೋಡಿಸಿ

ಮೊದಲು ಬಾಯಿ. ನರಕದ ಬಾಗಿಲನ್ನು ದೊಡ್ಡ ಮೃಗದ ಬಾಯಿಯಾಗಿ ತೋರಿಸುವುದು ಇಂಗ್ಲೆಂಡಿನಲ್ಲಿ ತುಂಬಾ ಹಿಂದೆಯೇ ರೂಢಿಗೆ ಬಂದು ಆಮೇಲೆ ಎಲ್ಲೆಡೆ ಹರಡಿತು. ಯೋಬನ ಗ್ರಂಥದಲ್ಲಿ ಬರುವ ಲಿವಿಯಾತಾನ್ ಎಂಬ ಜಲಮೃಗದ ವರ್ಣನೆ ಇದರ ಹಿಂದಿದೆ.

ಬಾಯಿಯೊಳಗೆ ಇರುವವರನ್ನು ಒಬ್ಬೊಬ್ಬರಾಗಿ ನೋಡಿ. ಶಿಕ್ಷೆ ಸುಮ್ನೆ ಎಲ್ಲರಿಗೂ ಒಂದೇ ಅಲ್ಲ, ಪಾಪಕ್ಕೆ ತಕ್ಕ ಹಾಗೆ. ಕತ್ತಿನಲ್ಲಿ ಚೀಲ ನೇತಾಡುತ್ತಿದ್ದರೆ ಅವನು ಜಿಪುಣ ಅಥವಾ ಬಡ್ಡಿ ವ್ಯಾಪಾರಿ. ಹೆಂಗಸಿನ ಎದೆಗೆ ಹಾವೋ ಕಪ್ಪೆಯೋ ಕಚ್ಚಿದ್ದರೆ ಕಾಮದ ಪಾಪ. (ಅದಕ್ಕೆ ಯಾಕೆ ಬಹುಪಾಲು ಹೆಂಗಸೇ ಸಿಕ್ಕಿಬೀಳುತ್ತಾಳೆ ಅಂತ ಕೇಳಿದರೆ, ಕೆತ್ತಿದವರೂ ಕೆತ್ತಿಸಿದವರೂ ಗಂಡಸರು, ಅದರಲ್ಲೂ ಸನ್ಯಾಸಿಗಳೇ ಜಾಸ್ತಿ.) ನಾಲಿಗೆ ಕೀಳುತ್ತಿದ್ದರೆ ಸುಳ್ಳುಗಾರ, ಚಾಡಿಕೋರ. ಕುದುರೆಯಿಂದ ತಲೆಕೆಳಗಾಗಿ ಬೀಳುವ ಯೋಧ ಅಂದರೆ ಅಹಂಕಾರ. ತೊರ್ಚೆಲ್ಲೊದಲ್ಲಂತೂ ನರಕವನ್ನು ಕೋಣೆಗಳಾಗಿ ವಿಂಗಡಿಸಿದ್ದಾರೆ. ಒಂದರಲ್ಲಿ ಬರೀ ತಲೆಬುರುಡೆಗಳು, ಕಣ್ಣಿನ ತೂತಿನಲ್ಲಿ ಹುಳುಗಳು ಓಡಾಡುತ್ತಿವೆ. ಅದು ಹೊಟ್ಟೆಕಿಚ್ಚಿನವರ ಕೋಣೆ. ಕಣ್ಣು ಹಾಕಿದವರಿಗೆ ಕಣ್ಣಲ್ಲೇ ಶಿಕ್ಷೆ.

ಇಂಗ್ಲೆಂಡಿನ ಚಿತ್ರಗಳಲ್ಲಿ ಹೂಜಿ ಹಿಡಿದ ಒಬ್ಬ ಹೆಂಗಸನ್ನು ಹುಡುಕಿ. ಅವಳು ಬಿಯರ್ ಮಾರುವವಳು, ಅಳತೆಯಲ್ಲಿ ಮೋಸ ಮಾಡಿದವಳು. ಲಡ್ಲೊ ಊರಿನ ಸೇಂಟ್ ಲಾರೆನ್ಸ್ ಚರ್ಚಿನಲ್ಲಿ ಹಾಡುವವರು ಒರಗಿಕೊಳ್ಳುವ ಮರದ ಮಡಚು ಆಸನದ ಅಡಿಯಲ್ಲಿ ಅವಳ ಕಥೆ ಇದೆ. ದೆವ್ವ ಅವಳನ್ನು ಬೆತ್ತಲೆಯಾಗಿ ಹೆಗಲ ಮೇಲೆ ಹೊತ್ತುಕೊಂಡು ನರಕದ ಬಾಯಿಗೆ ನಡೆದಿದೆ, ಅವಳ ಕೈಯಲ್ಲಿ ಇನ್ನೂ ಹೂಜಿ ಇದೆ. ಒಂದು ದೆವ್ವ ಬ್ಯಾಗ್‌ಪೈಪ್ ಊದುತ್ತಿದೆ, ಇನ್ನೊಂದು ಅವಳ ಪಾಪಗಳ ಪಟ್ಟಿ ಓದುತ್ತಿದೆ.

ಕಿರೀಟ, ಬಿಷಪ್ಪನ ಎತ್ತರದ ಟೋಪಿ, ನೆತ್ತಿ ಬೋಳಿಸಿದ ಸನ್ಯಾಸಿಯ ತಲೆ ಇವು ನರಕದಲ್ಲಿ ಕಂಡರೆ ಅಚ್ಚರಿಪಡಬೇಡಿ. ಫ್ರಾನ್ಸಿನ ರೀಮ್ಸ್‌ನಲ್ಲಿ ರಾಜನನ್ನೂ ಬಿಷಪ್ಪನನ್ನೂ ಸನ್ಯಾಸಿಯನ್ನೂ ದೆವ್ವ ಒಂದೇ ಸರಪಳಿಯಲ್ಲಿ ಎಳೆದುಕೊಂಡು ಹೋಗುತ್ತದೆ. ಮಾಡಿಸಿದ್ದು ಚರ್ಚೇ. ಹುದ್ದೆ ನೋಡಿ ತೀರ್ಪಾಗುವುದಿಲ್ಲ ಅನ್ನುವುದನ್ನು ಅವರೇ ಬಾಗಿಲ ಮೇಲೆ ಹಾಕಿಸಿಕೊಂಡರು.

ಇಲ್ಲಿ ನಮ್ಮವರು ಮಾಡುವ ತಪ್ಪು ಒಂದಿದೆ. ಎಣ್ಣೆ ಕೊಪ್ಪರಿಗೆ, ಕೋಡಿನ ಕಿಂಕರರು ಕಂಡ ಕೂಡಲೇ ಯಮಲೋಕ, ಚಿತ್ರಗುಪ್ತನ ಲೆಕ್ಕ ಅಂತ ಅಂದುಕೊಳ್ಳುತ್ತೇವೆ. ಹೊರಗಿನ ನೋಟ ಹಾಗೇ ಇದೆ, ಒಳಗಿನ ಲೆಕ್ಕ ಬೇರೆ. ನಮ್ಮ ಪುರಾಣದ ನರಕದಲ್ಲಿ ಪಾಪ ಕಳೆದ ಮೇಲೆ ಮತ್ತೆ ಹುಟ್ಟು ಇದೆ. ಈ ನರಕದಿಂದ ವಾಪಸ್ ಇಲ್ಲ, ಇನ್ನೊಂದು ಜನ್ಮವೂ ಇಲ್ಲ. ಯಮ ಧರ್ಮರಾಜ, ನ್ಯಾಯಾಧೀಶ. ಸೈತಾನ ನ್ಯಾಯಾಧೀಶ ಅಲ್ಲ, ಅವನೇ ಅಲ್ಲಿನ ದೊಡ್ಡ ಕೈದಿ.

ಇನ್ನೊಂದು ತಪ್ಪು: ಎಲ್ಲ ನರಕವನ್ನೂ ಇಟಲಿಯ ಕವಿ ದಾಂತೆಯ ಒಂಬತ್ತು ಸುತ್ತಿನ ನರಕ ಅಂತ ತಿಳಿಯುವುದು. ದಾಂತೆ ಕಾವ್ಯ ಬರೆದದ್ದು 14ನೇ ಶತಮಾನದ ಶುರುವಿನಲ್ಲಿ. ಓತನ್ನಿನ ಕಲ್ಲು ಅದಕ್ಕಿಂತ ಸುಮಾರು 180 ವರ್ಷ ಹಿಂದಿನದು. ಒಂಬತ್ತು ಸುತ್ತು ಅವನ ಕಲ್ಪನೆ, ಚರ್ಚಿನ ಬೋಧನೆ ಅಲ್ಲ.

ಹಂತ 6: ಏನು ಇಲ್ಲ ಅನ್ನುವುದನ್ನೂ ನೋಡಿ

‘ಶುದ್ಧೀಕರಣ ಸ್ಥಳ (ಪರ್ಗೆಟರಿ), ಅಂದರೆ ಸ್ವರ್ಗಕ್ಕೆ ಹೋಗುವ ಮೊದಲು ಆತ್ಮ ಪಾಪದ ಬಾಕಿ ಕಳೆದುಕೊಳ್ಳುವ ಜಾಗ, ಎಲ್ಲಿದೆ?’ ಅಂತ ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅಲ್ಲೆಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ಕಾರಣ ತಿಳಿಯೋಕೆ ಆಗಿನ ನಂಬಿಕೆಯ ಒಂದು ಗಂಟು ಬಿಚ್ಚಬೇಕು.

ತೀರ್ಪು ಎರಡು ಸಲ. ಸತ್ತ ಕೂಡಲೇ ಪ್ರತಿಯೊಬ್ಬನ ಆತ್ಮಕ್ಕೆ ಅವನದ್ದೇ ತೀರ್ಪು. ಲೋಕದ ಕೊನೆಯಲ್ಲಿ, ದೇಹ ಸಮೇತ, ಎಲ್ಲರ ಎದುರಿಗೆ ಇನ್ನೊಂದು. ಇವೆರಡರ ನಡುವೆ ಆತ್ಮ ಎಲ್ಲಿರುತ್ತದೆ? ಇದು ಪೋಪ್‌ಗಳನ್ನೂ ಕಾಡಿದ ಪ್ರಶ್ನೆ. ಸಂತರ ಆತ್ಮಗಳಿಗೂ ಕೊನೆಯ ದಿನದವರೆಗೆ ದೇವರ ಪೂರ್ತಿ ದರ್ಶನ ಇಲ್ಲ ಅಂತ ಪೋಪ್ 22ನೇ ಜಾನ್ 1331ರ ಸುಮಾರಿಗೆ ಉಪದೇಶ ಮಾಡಿ ದೊಡ್ಡ ಗದ್ದಲ ಎಬ್ಬಿಸಿದ. ಅವನ ನಂತರ ಬಂದ 12ನೇ ಬೆನೆಡಿಕ್ಟ್ 1336ರಲ್ಲಿ ಅದನ್ನು ಇತ್ಯರ್ಥ ಮಾಡಿದ: ಶುದ್ಧರಾದವರು ಕಾಯಬೇಕಿಲ್ಲ, ಕೂಡಲೇ ದರ್ಶನ. ಮಹಾಪಾಪಿಗಳು ಕೂಡಲೇ ನರಕಕ್ಕೆ.

ಇಬ್ಬರ ನಡುವಿನವರು, ಅಂದರೆ ಉದ್ಧಾರವಾದರೂ ಇನ್ನೂ ಸ್ವಲ್ಪ ಬಾಕಿ ಉಳಿಸಿಕೊಂಡವರು, ಹೋಗುವುದು ಶುದ್ಧೀಕರಣ ಸ್ಥಳಕ್ಕೆ. ಅಲ್ಲಿಯ ಶಿಕ್ಷೆ ಘೋರ, ಆದರೆ ಮುಗಿಯುವಂಥದ್ದು. ಭೂಮಿಯ ಮೇಲಿರುವವರು ಪ್ರಾರ್ಥನೆ, ಬಲಿಪೂಜೆ (ಚರ್ಚಿನ ಮಾಸ್), ದಾನ ಮಾಡಿದರೆ ಅವರ ಕಷ್ಟ ಕಡಿಮೆಯಾಗುತ್ತದೆ. ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿ ತುಂಬಾ ಹಳೆಯದು. ಈ ಬೋಧನೆಯನ್ನು ಪಶ್ಚಿಮದ ಚರ್ಚು ಸಭೆಯಲ್ಲಿ ಅಧಿಕೃತವಾಗಿ ಹೇಳಿದ್ದು 1274ರಲ್ಲಿ, ಲಿಯಾನ್‌ನಲ್ಲಿ. ಮಂಗಳೂರು, ಬೆಂಗಳೂರಿನ ಕಥೋಲಿಕರು ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವುದು ಇದೇ ನಂಬಿಕೆಯ ಮುಂದುವರಿಕೆ. ಆ ದಿನವನ್ನು ಗೊತ್ತುಮಾಡಿ ಹರಡಿದ್ದು ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಒಡಿಲೊ, ಸಾವಿರ ವರ್ಷದ ಹಿಂದೆ.

ಈಗ ಚಿತ್ರಕ್ಕೆ ಬನ್ನಿ. ಅದು ತೋರಿಸುವುದು ಕೊನೆಯ ದಿನ. ಆ ಹೊತ್ತಿಗೆ ಶುದ್ಧೀಕರಣ ಸ್ಥಳದ ಕೆಲಸ ಮುಗಿದಿರುತ್ತದೆ, ಉಳಿಯುವುದು ಎರಡೇ ಕಡೆ. ಆದ್ದರಿಂದಲೇ ಚಿತ್ರ ಎರಡೇ ಪಾಲಾಗಿದೆ. ಬೆಂಕಿಯೊಳಗೆ ಕೈಮುಗಿದು ಮೇಲೆ ನೋಡುತ್ತಿರುವವರು, ಅವರನ್ನು ಮೇಲಕ್ಕೆತ್ತುವ ದೇವದೂತರು ಬೇರೆ ಎಲ್ಲಾದರೂ ಕಂಡರೆ ಅದು ಶುದ್ಧೀಕರಣ ಸ್ಥಳ. ನರಕದಲ್ಲಿ ಯಾರೂ ಯಾರನ್ನೂ ಎತ್ತುವುದಿಲ್ಲ. ಹಾಗೇ ಕ್ರಿಸ್ತನೇ ನರಕದ ಬಾಯಿಯ ಮುಂದೆ ನಿಂತು ಆದಾಮ, ಹವ್ವರ ಕೈಹಿಡಿದು ಎಳೆಯುತ್ತಿದ್ದರೆ ಅದು ಕೊನೆಯ ದಿನ ಅಲ್ಲ. ಶಿಲುಬೆಯ ಸಾವಿಗೂ ಪುನರುತ್ಥಾನಕ್ಕೂ ನಡುವೆ, ತನಗಿಂತ ಮೊದಲೇ ಸತ್ತ ಪುಣ್ಯವಂತರನ್ನು ಬಿಡಿಸಲು ಅವನು ಇಳಿದುಹೋದ ಕಥೆ.

ಹಂತ 7: ಇದನ್ನು ಯಾರಿಗಾಗಿ, ಯಾರ ದುಡ್ಡಿನಲ್ಲಿ ಮಾಡಿದರು?

ನನ್ನ ಪ್ರಕಾರ ಇದೇ ಮುಖ್ಯ ಹಂತ. ಪ್ರತಿಯೊಂದು ಅಂತಿಮ ತೀರ್ಪೂ ಯಾವುದೋ ಒಂದು ಊರಿನ ಜನರನ್ನು ಹೆಸರು ಹಿಡಿದು ಕರೆದಷ್ಟು ನೇರವಾಗಿದೆ. ಓತನ್ನಿಗೆ ಯಾತ್ರಿಕರು ಬರುತ್ತಿದ್ದರು, ಅಲ್ಲಿ ಯಾತ್ರಿಕರು ಗೆಲ್ಲುತ್ತಾರೆ. ಇಂಗ್ಲೆಂಡಿನ ಊರುಗಳಲ್ಲಿ ಹೂಜಿಯ ಹೆಂಗಸು ಸಿಕ್ಕಿಬೀಳುತ್ತಾಳೆ.

ದಕ್ಷಿಣ ಫ್ರಾನ್ಸಿನ ಕೊಂಕ್ ಊರಿನ ಸಂತ ಫೊಯಿ ಮಠದ ಬಾಗಿಲು ನೋಡಿ. 12ನೇ ಶತಮಾನದ ಮೊದಲ ಭಾಗದ್ದು, 120ಕ್ಕೂ ಹೆಚ್ಚು ಬೊಂಬೆಗಳು, ಕೆಲವು ಕಡೆ ಹಳೇ ಬಣ್ಣ ಇನ್ನೂ ಉಳಿದಿದೆ. ಎಡಗಡೆ ಒಂದು ಸಣ್ಣ ಮೂಲೆಯಲ್ಲಿ ಫೊಯಿ ಎಂಬ ಹುಡುಗಿ ಸಂತಳು ದೇವರ ಕೈಯ ಮುಂದೆ ಅಡ್ಡಬಿದ್ದಿದ್ದಾಳೆ. ಅವಳ ಹಿಂದೆ ಕಬ್ಬಿಣದ ಕೋಳಗಳು ನೇತುಹಾಕಿವೆ. ಅವಳಿಗೆ ಹರಕೆ ಹೊತ್ತು ಸೆರೆಯಿಂದ ಬಿಡುಗಡೆಯಾದವರು ತಂದು ಒಪ್ಪಿಸಿದ ಕೋಳಗಳು ಅವು. ‘ಕೊನೆಯ ದಿನ ನಿಮ್ಮ ಪರ ಮಾತಾಡುವವಳು ನಮ್ಮ ಮಠದಲ್ಲೇ ಇದ್ದಾಳೆ’ ಅಂತ ಬಾಗಿಲಲ್ಲೇ ಹೇಳಿದ ಹಾಗಾಯಿತು. ಕೆಳಗೆ ಲ್ಯಾಟಿನ್ ಸಾಲು: ಪಾಪಿಗಳೇ, ನಡತೆ ಬದಲಿಸದಿದ್ದರೆ ಕಠಿಣ ತೀರ್ಪು ಕಾದಿದೆ ಅಂತ ತಿಳಿಯಿರಿ.

ಪಾದುವಾದ ಕಥೆ ಇನ್ನೂ ರುಚಿ. ಜೊತ್ತೊನ ಚಿತ್ರವಿರುವ ಆ ಪ್ರಾರ್ಥನಾಲಯ ಕಟ್ಟಿಸಿದವನು ಎನ್ರಿಕೊ ಸ್ಕ್ರೊವೆಞಿ, 1305ರಲ್ಲಿ ಪ್ರತಿಷ್ಠೆ ಆಯಿತು. ಅವನ ಅಪ್ಪ ರೆಜಿನಾಲ್ಡೊ ಹೆಸರುವಾಸಿ ಬಡ್ಡಿ ವ್ಯಾಪಾರಿ. ಬಡ್ಡಿ ಆಗ ಮಹಾಪಾಪ. ಗೋಡೆಯ ಮೇಲೆ ನೋಡಿ: ನರಕದಲ್ಲಿ ಬಡ್ಡಿಯವರು ತಮ್ಮ ಹಣದ ಚೀಲದ ದಾರದಲ್ಲೇ ನೇಣುಬಿದ್ದಿದ್ದಾರೆ. ಚಿತ್ರದ ನಡುವಿನ ಶಿಲುಬೆಯ ಆ ಕಡೆ, ಉದ್ಧಾರವಾದವರ ಪಾಲಿನಲ್ಲಿ, ಎನ್ರಿಕೊ ಮೊಣಕಾಲೂರಿ ಅದೇ ಪ್ರಾರ್ಥನಾಲಯದ ಮಾದರಿಯನ್ನು ಒಪ್ಪಿಸುತ್ತಿದ್ದಾನೆ. ಕೆಲವೇ ವರ್ಷದಲ್ಲಿ ದಾಂತೆ ತನ್ನ ಕಾವ್ಯದಲ್ಲಿ ಆ ಮನೆತನದ ಹಂದಿಯ ಲಾಂಛನ ಹೊತ್ತ ಒಬ್ಬ ಬಡ್ಡಿಯವನನ್ನು ನರಕಕ್ಕೆ ಹಾಕಿದ.

ಬೋನ್‌ನಲ್ಲಿ ನೋಡುವವರು ರೋಗಿಗಳು. ಬರ್ಗಂಡಿಯ ಚಾನ್ಸಲರ್ ನಿಕೊಲಾ ರೊಲಾನ್ 1443ರಲ್ಲಿ ಸ್ಥಾಪಿಸಿದ ಆಸ್ಪತ್ರೆ ಅದು, ಬಡವರಿಗಾಗಿ. ಚಿತ್ರ ಇದ್ದದ್ದು ಹಾಸಿಗೆಗಳಿದ್ದ ಉದ್ದ ಹಜಾರದ ತುದಿಯಲ್ಲಿ. ಅಲ್ಲಿ ಒಂದೂ ದೆವ್ವ ಇಲ್ಲ. ಯಾರೂ ತಳ್ಳುವುದಿಲ್ಲ. ಪಾಪಿಗಳು ತಾವಾಗಿಯೇ ಬಾಯಿ ಕಿರಿದು ಅಳುತ್ತಾ ಬೆಂಕಿಯ ಕಡೆ ಉರುಳುತ್ತಾರೆ. ಕೊಂಕ್‌ನ ಗದ್ದಲದ ನರಕಕ್ಕಿಂತ ಇದು ಹೆಚ್ಚು ಹೆದರಿಸುತ್ತದೆ ಅಂತ ನನ್ನ ಅನಿಸಿಕೆ.

ನೋಡುವಾಗ ಇನ್ನೂ ಒಂದೆರಡು ಎಚ್ಚರ

ನೀವು ನೋಡುತ್ತಿರುವುದು ಪೂರ್ತಿ ಅಂತ ತಿಳಿಯಬೇಡಿ. ಈ ಕಲ್ಲುಗಳಿಗೆಲ್ಲ ಬಣ್ಣ ಇತ್ತು. ಓತನ್ನಿನ ಕೆತ್ತನೆ ಚೆನ್ನಾಗಿಲ್ಲ ಅಂತ ಅಲ್ಲಿನ ಪಾದ್ರಿಗಳೇ 1766ರಲ್ಲಿ ಗಾರೆ ಮೆತ್ತಿಸಿದರು. ಮುಂದಕ್ಕೆ ಚಾಚಿದ್ದ ಕ್ರಿಸ್ತನ ತಲೆ ಅಡ್ಡ ಬಂತು ಅಂತ ಒಡೆದರು. 1837ರಲ್ಲಿ ಗಾರೆ ತೆಗೆದರು, ತಲೆ ಮತ್ತೆ ಸೇರಿದ್ದು 1948ರಲ್ಲಿ. ಗಾರೆ ಇಲ್ಲದಿದ್ದರೆ ಫ್ರೆಂಚ್ ಕ್ರಾಂತಿಯಲ್ಲಿ ಎಲ್ಲವೂ ಪುಡಿಯಾಗಬಹುದಿತ್ತು. ಇಂಗ್ಲೆಂಡಿನಲ್ಲಿ 16ನೇ ಶತಮಾನದ ಧರ್ಮಸುಧಾರಣೆಯ ಹೊತ್ತಿಗೆ ಗೋಡೆಗಳಿಗೆಲ್ಲ ಸುಣ್ಣ ಬಳಿದರು. ವೆನ್‌ಹ್ಯಾಸ್ಟನ್ ಹಳ್ಳಿಯಲ್ಲಿ 1892ರಲ್ಲಿ ರಿಪೇರಿಗೆ ಅಂತ ಸುಣ್ಣದ ಹಲಗೆಗಳನ್ನು ಕಿತ್ತು ಹೊರಗೆ ಎಸೆದಿದ್ದರು. ರಾತ್ರಿ ಮಳೆ ಬಂದು ಸುಣ್ಣ ತೊಳೆದು ಕೆಳಗಿದ್ದ ಅಂತಿಮ ತೀರ್ಪು ಎದ್ದು ಬಂತು.

ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ: ಮೊದಲು ಕೊಂಕ್. ಅದು ಬಯಲಿನಲ್ಲೇ ಇದೆ, ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಮೇಲಿನ ಅಂಚಿನಲ್ಲಿ ಕಲ್ಲಿನ ಪಟ್ಟಿಯ ಹಿಂದಿನಿಂದ ಕದ್ದು ಇಣುಕುವ ಪುಟ್ಟ ತಲೆಗಳಿವೆ, ಮಕ್ಕಳಿದ್ದರೆ ಅವನ್ನು ಎಣಿಸುವ ಕೆಲಸ ಕೊಡಿ. ಬೋನ್ ಮತ್ತು ಓತನ್ ಹತ್ತಿರ ಹತ್ತಿರ ಇವೆ, ಒಂದೇ ದಿನ ಆಗುತ್ತದೆ. ಪಾದುವಾಕ್ಕೆ ಮಾತ್ರ ಹಾಗೇ ಹೋಗಬೇಡಿ. ಟಿಕೆಟ್ ಮೊದಲೇ ಕಾದಿರಿಸಬೇಕು. ಒಳಗಿನ ಗಾಳಿ ಕೆಡದಿರಲಿ ಅಂತ ಒಂದು ಗಾಜಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ಸಣ್ಣ ಗುಂಪಾಗಿ ಬಿಡುತ್ತಾರೆ. ಒಳಗೆ ಸಿಗುವುದು ಕಾಲು ಗಂಟೆಯ ಆಸುಪಾಸು ಅಷ್ಟೇ. ತೀರ್ಪಿನ ಚಿತ್ರ ಬಾಗಿಲ ಕಡೆಯ ಗೋಡೆಯ ಮೇಲಿದೆ, ಅಂದರೆ ಬಲಿಪೀಠದ ಕಡೆ ಮುಖ ಮಾಡಿ ನಿಂತರೆ ನಿಮ್ಮ ಬೆನ್ನ ಹಿಂದೆ. ಒಳಗೆ ಹೋದ ಕೂಡಲೇ ತಿರುಗಿ ನಿಲ್ಲಿ.